ಗಂಗೆಯ ಮೊಕದ್ದಮೆಯಲ್ಲಿ ನಮ್ಮ ಸೀಮೆಯ ನ್ಯಾಯಮೂರ್ತಿ

1987ರ ಸೆಪ್ಟೆಂಬರ್ 22. ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೀರಿ. ಪೀಠದಲ್ಲಿ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ, ಅವರ ಜೊತೆ ಕೆ.ಎನ್. ಸಿಂಗ್. ವಕೀಲ ಎಂ.ಸಿ. ಮೆಹ್ತಾ ಹೂಡಿದ ಗಂಗೆಯ ಮೊಕದ್ದಮೆಯ ತೀರ್ಪು ಇವತ್ತು. ಕಾನ್ಪುರದ ಜಾಜ್‌ಮೌನಲ್ಲಿ ತೊಗಲು ಹದ ಮಾಡುವ ಕಾರ್ಖಾನೆಗಳು ಕೊಳಕು ನೀರನ್ನು ಹೊಳೆಗೇ ಬಿಡುತ್ತಿವೆ.

ನೀವು ಹುಣಸೂರಿನವರು ಎಂದುಕೊಳ್ಳಿ. ಒಂದು ಕಾಲಕ್ಕೆ ಸೈನ್ಯಕ್ಕೆಂದು ತೊಗಲು ಹದ ಮಾಡುತ್ತಿದ್ದ ಊರು ಅದು. 1864ರಲ್ಲಿ ಸರ್ಕಾರಿ ಕಾರ್ಖಾನೆ ಮುಚ್ಚಿದ ಮೇಲೂ ಊರವರು ತೊಗಲಿನ ಕೆಲಸ, ಬೂಟಿನ ಕೆಲಸ ಬಿಡಲಿಲ್ಲ. ಆ ಕಸುಬಿನ ನೀರು ಎಂಥದ್ದೆಂದು ಲಕ್ಷ್ಮಣತೀರ್ಥದ ದಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕಾನ್ಪುರದ ಮಾಲೀಕರದು ಹಣದ ಕಷ್ಟ. ಮೊದಲ ಹಂತದ ಶುದ್ಧೀಕರಣವಾದರೆ ಹೇಗೋ ಮಾಡಿಕೊಳ್ಳಬಹುದು, ಎರಡನೆಯದು ಕೈಗೆಟುಕದು ಎನ್ನುತ್ತಾರೆ. ವೆಂಕಟರಾಮಯ್ಯನವರ ತರ್ಕ ಕೇಳಿ: ಕನಿಷ್ಠ ಕೂಲಿ ಕೊಡಲಾಗದ ಉದ್ಯಮವನ್ನು ನಡೆಯಗೊಡುವುದಿಲ್ಲ ತಾನೆ? ಮೊದಲ ಹಂತದ ಘಟಕವನ್ನೂ ಹಾಕಲಾಗದ ಕಾರ್ಖಾನೆಗೂ ಅದೇ ಮಾತು. ಕೋರ್ಟಿಗೆ ತಲೆಯನ್ನೇ ಹಾಕದವರು ಅಕ್ಟೋಬರ್ 1ರಿಂದ ಕೆಲಸ ನಿಲ್ಲಿಸಬೇಕು. ಕೂಲಿಕಾರನ ಹಕ್ಕನ್ನೂ ಹೊಳೆಯ ಹಕ್ಕನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಈ ಮಾತು ಅವರ ತೀರ್ಪುಗಳಲ್ಲೇ ನನಗೆ ಅತಿ ದೊಡ್ಡದು.

ಈ ವೆಂಕಟರಾಮಯ್ಯ ಎಲ್ಲಿಯವರು? ಕೆ.ಆರ್. ನಗರದಿಂದ ಕಾವೇರಿ ಹಿಡಿದು ಕೆಳಗೆ ಹೋದರೆ ಸಿಗುವ ಪಾಂಡವಪುರ ಸೀಮೆಯ ಎಂಗಲಗುಪ್ಪೆಯವರು, 1924ರ ಡಿಸೆಂಬರ್ 18ರಂದು ಹುಟ್ಟಿದವರು. 1939ರಲ್ಲಿ ಮಂಡ್ಯ ಬೇರೆಯಾಗುವ ತನಕ ಅದೂ ಮೈಸೂರು ಜಿಲ್ಲೆಯೇ. 1946ರಲ್ಲಿ ವಕೀಲಿ, 1970ರಲ್ಲಿ ಹೈಕೋರ್ಟು, 1979ರಲ್ಲಿ ಸುಪ್ರೀಂ ಕೋರ್ಟು. 1989ರ ಜೂನ್ 19ರಿಂದ ಡಿಸೆಂಬರ್ 17ರವರೆಗೆ ದೇಶದ ಮುಖ್ಯ ನ್ಯಾಯಮೂರ್ತಿ. ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ಕೋರ್ಟಿನ ಪೀಠಕ್ಕೆ ಬಂದರು.

ಗಂಗೆಯ ಮೊಕದ್ದಮೆ ಆ ತೀರ್ಪಿಗೇ ಮುಗಿಯಲಿಲ್ಲ. 1988ರ ಜನವರಿ 12ರಂದು ಅದೇ ಪೀಠ ಕಾನ್ಪುರದ ಮಹಾನಗರಪಾಲಿಕೆಯನ್ನು ತರಾಟೆಗೆ ತೆಗೆದುಕೊಂಡು, ಹಾಗೆಯೇ ಇಸ್ಕೂಲಿನ ಕಡೆಗೂ ತಿರುಗುತ್ತದೆ: ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯ ಪಾಠ ಆಗಬೇಕು, ಪುಸ್ತಕ ಬರೆಸಿ ಪುಕ್ಕಟೆ ಹಂಚಬೇಕು.

ಈಗ ಪಿರಿಯಾಪಟ್ಟಣದ ತರಗತಿಯೊಂದಕ್ಕೆ ಬನ್ನಿ. ಇಲ್ಲಿ ಅಪ್ಪಂದಿರು ಹೊಗೆಸೊಪ್ಪು ಬೇಯಿಸಲು ಬ್ಯಾರನ್‌ಗೆ ಸೌದೆ ಒಟ್ಟುತ್ತಾರೆ; ಅತ್ತ ಎಚ್.ಡಿ. ಕೋಟೆಯಲ್ಲಿ ಕಾಡಂಚಿನ ಮಕ್ಕಳ ಹೊಲಕ್ಕೆ ಆನೆ ಇಳಿಯುತ್ತದೆ. ಆ ಒಂದು ಗಂಟೆಯಲ್ಲಿ ಮೇಷ್ಟ್ರು ಗಂಗೆಯನ್ನು ಬಿಟ್ಟು, ಬ್ಯಾರನ್‌ಗೆ ಸೌದೆ ಎಲ್ಲಿಂದ ಬಂತು ಎಂದೇ ಕೇಳಬೇಕು, ಮಕ್ಕಳು ಉತ್ತರ ಹೇಳಬೇಕು.