ಇಳಿಜಾರಿನ ನೀರು

ಯಾದವಗಿರಿಯ ಹೆಸರಿನಲ್ಲಿ ಗಿರಿಯುಂಟು. ಆದರೆ ಚಾಮುಂಡಿಬೆಟ್ಟವನ್ನು ದಿನವೂ ಕಾಣುವ ಮೈಸೂರಿನವರು ಅದನ್ನು ಗಿರಿಯೆಂದು ಎಣಿಸುವುದು ಅಪೂರ್ವ. ಕಾಲಿಗೆ ಅಷ್ಟಾಗಿ ತಿಳಿಯದ ಈ ಏರನ್ನು ನೀರು ಚೆನ್ನಾಗಿ ಬಲ್ಲದು. ಹೊಂಗಳ್ಳಿಯಲ್ಲಿ ಕಾವೇರಿಯಿಂದೆತ್ತಿದ ನೀರು ಯಂತ್ರಬಲದಿಂದ ಈ ದಿಣ್ಣೆಯನ್ನೇರಿ, ವಾಣಿವಿಲಾಸ ಜಲಾಗಾರದಲ್ಲಿ ತಂಗಿ, ಅಲ್ಲಿಂದ ಇಳಿಜಾರಿನ ಬಲದಿಂದಲೇ ಊರ ಮನೆಗಳಿಗೆ ಹರಿಯುವುದು. ಏರುವುದಕ್ಕೆ ವೆಚ್ಚವುಂಟು, ಇಳಿಯುವುದಕ್ಕಿಲ್ಲ.

ಮಳೆಯ ನೀರಿನ ದಾರಿಯನ್ನೂ ಇಳಿಜಾರೇ ಗೊತ್ತುಮಾಡುತ್ತದೆ. ಮೈಸೂರು ನಗರವು ನೀರನ್ನು ಹಂಚುವ ದಿಣ್ಣೆಯ ಮೇಲಿದೆ. ಉತ್ತರಕ್ಕೆ ಬಿದ್ದ ಹನಿ ಕೆಸರೆಯ ಕಡೆಗೆ ಇಳಿದು ಕಾವೇರಿಯನ್ನು ಸೇರುವುದು. ದಕ್ಷಿಣಕ್ಕೆ ಬಿದ್ದುದು ದಳವಾಯಿ ಕೆರೆಯ ಕಡೆಗೆ ಸಾಗಿ ಕಪಿಲೆಗೆ ಹೋಗುವುದು. ಒಂದೇ ಮೋಡದಿಂದಿಳಿದು ಅಗಲಿದ ಈ ಹನಿಗಳು ತಿರುಮಕೂಡಲಿನ ಸಂಗಮದಲ್ಲಿ ಮತ್ತೆ ಕೂಡುತ್ತವೆ.

ಅಲ್ಲಿಂದ ಮುಂದೆ ನದಿಯ ನಡೆಯನ್ನು ನೋಡಬೇಕು. ತಲಕಾಡಿನ ಬಳಿ ನೆಲ ಸಮವಾಗಿದೆ, ಹೊಳೆಗೆ ಆತುರವಿಲ್ಲ. ಅದು ಬಾಗಿ ಬಳುಕಿ ಹರಿದು, ಹೊತ್ತು ತಂದ ಮರಳನ್ನು ದಡದಲ್ಲಿಳಿಸುತ್ತದೆ. ಆ ಮರಳು ಗಾಳಿಗೆದ್ದು ಹಳೆಯ ದೇವಾಲಯಗಳನ್ನೇ ಮುಚ್ಚಿತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಿವನಸಮುದ್ರದಲ್ಲಿ ಅದೇ ಕಾವೇರಿ ಮುನ್ನೂರು ಅಡಿಗಳಷ್ಟು ಆಳಕ್ಕೆ ಧುಮುಕಿ ಬಂಡೆಯನ್ನು ಕೊರೆಯುತ್ತದೆ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿಯನ್ನೊದಗಿಸಿದುದು ಈ ಇಳಿತವೇ. ನೀರು ಬೇರೆಯಲ್ಲ; ನೆಲದ ಓಟ ಬೇರೆ.

ಶಾಸ್ತ್ರಜ್ಞರು ಇದಕ್ಕೆ ಲೆಕ್ಕವನ್ನು ಹೇಳುವರು. ಆಳವೂ ತಳದ ಒರಟುತನವೂ ಒಂದೇ ಆಗಿರುವಲ್ಲಿ ಇಳಿಜಾರು ನಾಲ್ಕುಮಡಿಯಾದರೆ ವೇಗವು ಎರಡುಮಡಿಯಾಗುವುದು. ವೇಗವು ಎರಡುಮಡಿಯಾದರೆ ಪ್ರವಾಹವು ಉರುಳಿಸಬಲ್ಲ ಕಲ್ಲಿನ ತೂಕವು ೬೪ ಮಡಿಯಾಗುವುದು. ಆದುದರಿಂದಲೇ ಬೆಟ್ಟದ ಹಳ್ಳದಲ್ಲಿ ಗುಂಡುಗಳೂ ಬಯಲಿನ ಹೊಳೆಯಲ್ಲಿ ಮರಳೂ ಕೆಸರೂ ಕಾಣುವುವು. ಕಾಲುವೆ ತೋಡುವವನಿಗೂ ಇದೇ ಕಷ್ಟ: ಓಟ ಹೆಚ್ಚಾದರೆ ದಡ ಕೊರೆಯುವುದು, ಕಡಮೆಯಾದರೆ ಹೂಳು ತುಂಬುವುದು. ಕಾವೇರಿಯನ್ನು ಕಾಲುವೆಯಿಂದ ಮೈಸೂರಿಗೆ ತರಲು ದಿವಾನ್ ಪೂರ್ಣಯ್ಯನವರು ತೊಡಗಿದ ಕೆಲಸವು ಕೈಗೂಡಲಿಲ್ಲ. ಅವರ ಹೆಸರಿನ ನಾಲೆ ಮಾತ್ರ ಉಳಿಯಿತು.

ನಮ್ಮ ಹಿರಿಯರು ಇಳಿಜಾರಿನೊಡನೆ ಜಗಳವಾಡದೆ ಅದನ್ನು ನಡುನಡುವೆ ತಡೆದು ನಿಲ್ಲಿಸಿದರು. ಕೆರೆಯೆಂದರೆ ಮತ್ತೇನು? ಓಡುವ ನೀರಿಗೆ ಒಂದು ತಂಗುದಾಣ. ೧೮೬೪ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯೂ ಅಂತಹುದೇ. ಅಲ್ಲಿ ನೀರು ನಿಂತು, ಹೂಳನ್ನಿಳಿಸಿ, ನೆಲಕ್ಕಿಂಗಿ, ಉಳಿದುದಷ್ಟೇ ಕೋಡಿಬಿದ್ದು ಮುಂದೆ ಸಾಗುವುದು.

ಈಗ ದಿಣ್ಣೆಯ ಮಣ್ಣಿನ ಮೇಲೆ ಡಾಂಬರೂ ಸಿಮೆಂಟೂ ಹರಡಿವೆ. ಇಳಿಜಾರು ಮೊದಲಿನಷ್ಟೇ ಇದೆ. ಆದರೆ ತಡೆಯುವ ಹುಲ್ಲಿಲ್ಲ, ಹೀರುವ ಮಣ್ಣಿಲ್ಲ. ಮಳೆಯು ಒಮ್ಮೆಗೇ ಓಡಿ ತಗ್ಗಿನ ಬೀದಿಗಳನ್ನು ಸೇರುತ್ತದೆ. ಮೇಲಿನವನು ತನ್ನ ಅಂಗಳಕ್ಕೆ ಕಲ್ಲುಹಾಸಿದ ಅನುಕೂಲಕ್ಕೆ ಕೆಳಗಿನವನು ತನ್ನ ಹೊಸ್ತಿಲಿನಲ್ಲಿ ಬೆಲೆ ತೆರಬೇಕಾಗುವುದು. ಎತ್ತರದಲ್ಲಿ ವಾಸಿಸುವವರಿಗೆ ಗಾಳಿ ಬೆಳಕುಗಳ ಭಾಗ್ಯ ಹೆಚ್ಚು. ತಗ್ಗಿನವರ ವಿಷಯದಲ್ಲಿ ಹೊಣೆಯೂ ಅಷ್ಟೇ ಹೆಚ್ಚು. ಅಂಗಳದ ಒಂದು ಮೂಲೆಯಲ್ಲಾದರೂ ಮಣ್ಣನ್ನು ಬರಿದಾಗಿ ಬಿಟ್ಟು, ನೀರು ಒಂದು ಗಳಿಗೆ ನಿಲ್ಲುವಂತೆ ಮಾಡಿದರೆ, ಆ ಹೊಣೆಯ ಸ್ವಲ್ಪಭಾಗವನ್ನಾದರೂ ತೀರಿಸಿದಂತಾಗುವುದು.