ಗಂಟು ಬಿಚ್ಚುವ ಹೊತ್ತು

ನಮ್ಮ ಮೇಲವಂಕಿಯ ಕಡೆ ಜಾತ್ರೆಯ ಹಾಡಿಗೆ ಅದರೊಳಗಿನ ಒಗಟೇ ಹೆಸರು. "ಒಂಬತ್ತ ಅಗಸಿ ಪದ ಹಾಡ್ರಿ", "ಆ ನೆರಳಿಂದು ಬರಲಿ" ಎಂದು ಮುಂದೆ ಕುಳಿತವರು ಕೂಗುತ್ತಿದ್ದರು. ಊರು ಒಂದು, ಅಗಸಿ ಒಂಬತ್ತು, ಒಳಗೆ ಆರು ಮಂದಿ ಕಳ್ಳರು, ಕಾಯಲು ಒಬ್ಬನೇ ತಳವಾರ. ಇದು ದೇಹದ ಮಾತು ಎಂದು ಎಲ್ಲರಿಗೂ ಗೊತ್ತು. ಆದರೂ ಆ ತಳವಾರನನ್ನು ಹಾಡುವವ ಈ ಸಲ ಮನಸ್ಸು ಅಂತಾನೋ, ಅರಿವು ಅಂತಾನೋ, ಗುರು ಅಂತಾನೋ ಎಂದು ಕಿವಿಗೊಟ್ಟು ಕೂಡುತ್ತಿದ್ದರು.

ಈ ಲಾವಣಿ ಹಾಡಿನಲ್ಲಿ ಎದುರುಬದುರು ಎರಡು ಮೇಳ: ಹರದೇಶಿ ಗಂಡಿನ ಪಕ್ಷ, ನಾಗೇಶಿ ಹೆಣ್ಣಿನ ಪಕ್ಷ. ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂಬ, ಎಂದೂ ತೀರದ ವ್ಯಾಜ್ಯ. ಒಬ್ಬರ ಕೈಯಲ್ಲಿ ದಪ್ಪು, ಇನ್ನೊಬ್ಬರ ಕೈಯಲ್ಲಿ ತುಂತುಣಿ, ಹಿಂದೆ ನಿಂತವರ ತಾಳ ಮತ್ತು ಗೀ ಗೀ ಎನ್ನುವ ಎಳೆ. ಸವಾಲು ಯಾವ ಮಟ್ಟಿನಲ್ಲಿ ಬಂತೋ ಜವಾಬೂ ಅದೇ ಮಟ್ಟಿನಲ್ಲಿ ಹೋಗಬೇಕು. ಬುದ್ಧಿ ಇದ್ದೂ ಮಟ್ಟು ತಪ್ಪಿದರೆ ಸೋತಂತೆಯೇ. ನ್ಯಾಯಕ್ಕೆ ಪಂಚರು ಬೇಕಾಗಿರಲಿಲ್ಲ. ಗುಡಿಯ ಮುಂದೆ ಕಂಬಳಿ ಹೊದ್ದು ಕುಳಿತ ಮಂದಿಯೇ ಸಾಕು.

ನೆರಳಿನ ಪದದ ಸವಾಲು ಹೀಗೆ: ಕಾಲಿಲ್ಲದಾಂವ ಕಾಲ ಅಳೀತಾನ, ಎಲ್ಲಾರ ಕಾಲಾಗೂ ಬಿದ್ದಾಕಿ ಅವನ ಹೇಂತಿ, ಯಾರಾಕಿ? ದಪ್ಪು ನಿಂತಿತು. ನಾಗೇಶಿಯವರು ತಲೆಗೆ ತಲೆ ಹಚ್ಚಿ ಗುಸುಗುಸು ಮಾಡತೊಡಗಿದರು. ಇತ್ತ ಮಂದಿಯಲ್ಲೂ ಅದೇ ಗುಸುಗುಸು. ಬೀಡಿ ಹಚ್ಚಿದವರು ಸೇದುವುದು ಮರೆತರು. "ಗಡಿಯಾರ ಇರಬೇಕಲೇ" ಎಂದ ಒಬ್ಬ. "ಗಡಿಯಾರಕ್ಕ ಯಾರು ಹೆಣ್ಣ ಕೊಟ್ಟಾರೋ ಮಾರಾಯಾ" ಎಂದ ಇನ್ನೊಬ್ಬ. ಕಡೆಗೆ ಹಾಡುವಾಕೆ ಎದ್ದು, ಕಾಲ ಅಳೆಯುವಾಂವ ಸೂರ್ಯ, ಅವನ ಹೆಂಡತಿ ಛಾಯೆ, ನಮ್ಮ ನಿಮ್ಮ ಕಾಲಡಿಯ ನೆರಳು ಎಂದು ಅದೇ ಮಟ್ಟಿನಲ್ಲಿ ಗಂಟು ಬಿಚ್ಚಿದಳು. ಬಿಚ್ಚಿ ಸುಮ್ಮನಾಗಲಿಲ್ಲ. ನಿಮ್ಮಾಂವ ಇಳಿದಂಗ ನಮ್ಮಾಕಿ ಬೆಳೀತಾಳ, ಇಬ್ಬರೊಳಗ ದೊಡ್ಡವರು ಯಾರು ಅಂತ ನೀವ ಹೇಳ್ರಿ ಎಂದು ತಿರುಗಿ ಬಾಣ ಬಿಟ್ಟಳು. ಹೆಣ್ಣುಮಕ್ಕಳ ಕಡೆಯಿಂದ ಎದ್ದ ನಗೆಗೆ ಹರದೇಶಿಯವನೂ ದಪ್ಪು ಕೆಳಗಿಟ್ಟು ಕೈ ಮುಗಿದ.

ಹಾಡಿನ ಹೆಸರಿನಲ್ಲೇ ಒಗಟು ಇಡುವ ಈ ಚೇಷ್ಟೆ ನಮ್ಮ ಸೀಮೆಯದೊಂದೇ ಅಲ್ಲ. ಅಮೆರಿಕದ ಜಾಝ್ ವಾದಕ ಚಾರ್ಲಿ ಪಾರ್ಕರನಿಗೆ 'ಬರ್ಡ್' ಎಂದು ಅಡ್ಡಹೆಸರು. ಆತ 1946ರಲ್ಲಿ ಧ್ವನಿಮುದ್ರಿಸಿದ ಒಂದು ರಾಗದ ಹೆಸರು 'ಆರ್ನಿಥಾಲಜಿ', ಅಂದರೆ ಪಕ್ಷಿಶಾಸ್ತ್ರ. ಅದರ ಸ್ವರಗಳ ಅಡಿಪಾಯ 'ಹೌ ಹೈ ದಿ ಮೂನ್' ಎಂಬ ಹಳೆಯ ಹಾಡಿನದು. ಹಳೆಯ ಮಟ್ಟಿನ ಮೇಲೆ ಹೊಸ ಪದ ಕಟ್ಟಿ, ಹೆಸರಿನಲ್ಲೇ ತನ್ನನ್ನು ಬಚ್ಚಿಟ್ಟ. ನಮ್ಮ ಲಾವಣಿಕಾರ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು ಸೇರಿಸುತ್ತಾನಲ್ಲ, ಅದೇ ಬೆರಕಿತನ.

ನಮ್ಮ ಸೀಮೆಗೆ ಹಾಡಿನ ಬಡತನ ಎಂದೂ ಇರಲಿಲ್ಲ. ಪಾರಿಜಾತ ಎಂಬ ಬಯಲಾಟದ ತಮ್ಮಣ್ಣ ಕುಲಗೋಡದವನು; ಅದೇ ಪಾರಿಜಾತದಿಂದ ಹೆಸರಾದ ನಿಂಗಮ್ಮ ಕೌಜಲಗಿಯವಳು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 'ಹೇಳತೇನ ಕೇಳ' ಬರೆದದ್ದು ಲಾವಣಿಯ ನಡಿಗೆಯಲ್ಲೇ. ಕೇಳ ಎನ್ನಲು ಕೇಳುವವರ ಮೇಲೆ ಎಂಥ ನಂಬಿಗೆ ಇರಬೇಕು!

ಹಾಡು ಸತ್ತಿದೆ ಎಂದರೆ ಸುಳ್ಳಾದೀತು. ಮೇಳಗಳು ಇವೆ, ಹಾಡುವ ಹೆಣ್ಣುಮಕ್ಕಳು ಮೊದಲಿಗಿಂತ ಧೈರ್ಯವಾಗಿ ಮೈಕು ಹಿಡಿಯುತ್ತಾರೆ, ಮೊಬೈಲ್ ತೆರೆದರೆ ಬೇಕಾದಷ್ಟು ಸಿಗುತ್ತದೆ. ಹೋದದ್ದು ಸವಾಲಿಗೂ ಜವಾಬಿಗೂ ನಡುವೆ ಇದ್ದ ಆ ಹೊತ್ತು. ಅದಕ್ಕೆ ಇಡೀ ರಾತ್ರಿ ಬೇಕಿತ್ತು. ಈಗ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂಬ ನಿಯಮ. ಆ ಹತ್ತರೊಳಗೆ ಸತ್ಕಾರ, ಭಾಷಣ, ಶಾಲು, ಹಾರ. ಉಳಿದಷ್ಟರಲ್ಲಿ ಡಿಜೆಗೆ ಒಗ್ಗುವ ಮಟ್ಟುಗಳು. ನಿಯಮ ಮಾಡಿದವರನ್ನು ನಾನು ಬೈಯಲಾರೆ, ನಸುಕಿನಲ್ಲಿ ಕಬ್ಬು ಕಡಿಯಲು ಹೋಗುವವನಿಗೂ ನಿದ್ದೆ ಬೇಕು. ಶಾಲು-ಹಾರದವರನ್ನು ಮಾತ್ರ ಬೈಯುತ್ತೇನೆ.

ಈಚೆಗೊಂದು ಜಾತ್ರೆಯಲ್ಲಿ ಹಾಡುವವ ಒಂಬತ್ತು ಅಗಸಿಯ ಪದ ಎತ್ತಿದ. ಸವಾಲು ಹಾಕಿದ ಉಸಿರಿನಲ್ಲೇ ಜವಾಬನ್ನೂ ತಾನೇ ಹೇಳಿ ಮುಂದಿನ ಹಾಡಿಗೆ ಜಿಗಿದ. ಸಂಘಟಕರು ವಾಚು ತೋರಿಸುತ್ತಿದ್ದರು. ಪಕ್ಕದಲ್ಲಿದ್ದ ಹೈಸ್ಕೂಲು ಹುಡುಗ ಅಷ್ಟನ್ನೂ ವಿಡಿಯೋ ಮಾಡಿಕೊಂಡಿದ್ದ. ಮುಗಿದ ಮೇಲೆ ನನ್ನ ಕಡೆ ತಿರುಗಿ, "ಕಾಕಾ, ಸವಾಲ್ ಯಾವಾಗ ಹಾಕ್ತಾರ್ರಿ?" ಎಂದು ಕೇಳಿದ. ಆಗಲೇ ಹಾಕಿಯಾಯಿತಪ್ಪ ಎಂದೆ. ನಂಬದೆ ವಿಡಿಯೋ ಹಿಂದಕ್ಕೆ ಎಳೆದು ಹುಡುಕತೊಡಗಿದ.