ಯಾರ ದನಿ, ಯಾರ ಹೆಸರು

ಪುಣೆಯ ಮಂಗಳವಾರ ಪೇಟೆಯಲ್ಲಿ ಬುಧವಾರ ಮತ್ತು ಭಾನುವಾರ ಜುನಾ ಬಾಜಾರು ನೆರೆಯುತ್ತದೆ. ತುಕ್ಕು ಹಿಡಿದ ಪಾನಾಗಳು, ಹಿತ್ತಾಳೆಯ ಸಮೆಗಳು, ನಿಂತುಹೋದ ಗೋಡೆ ಗಡಿಯಾರಗಳು, ಹಿಡಿ ಮುರಿದ ಪಿಂಗಾಣಿ ಕಪ್ಪುಗಳು. ಇವುಗಳ ನಡುವೆ ಅಲ್ಲಲ್ಲಿ ತಾಡಪಾಲಿನ ಮೇಲೆ ಹರಡಿದ ರೆಕಾರ್ಡುಗಳು. ಕಟ್ಟಿನ ಮೇಲೆ ಕಾಣುವುದೆಲ್ಲ ಹಿಂದಿ ಸಿನಿಮಾದ ಎಲ್‌ಪಿಗಳು. ಅವಕ್ಕೆ ಗಿರಾಕಿ ಹೆಚ್ಚು, ದರವೂ ಹೆಚ್ಚು. ನಾನು ಹುಡುಕುವುದು ಅಡಿಯಲ್ಲಿ ಸಿಕ್ಕಿಕೊಂಡಿರುತ್ತದೆ: ಏಳಿಂಚಿನ ಪುಟ್ಟ ಪ್ಲೇಟು, ನಿಮಿಷಕ್ಕೆ 45 ಸುತ್ತು, ಈ ಮಗ್ಗುಲಿಗೊಂದು ಹಾಡು, ಆ ಮಗ್ಗುಲಿಗೊಂದು ಹಾಡು. ಸಿಂಗಲ್ ಎನ್ನುವುದು ಇದಕ್ಕೇ. ಅದರಲ್ಲೂ ಜರ್ಮನಿಯ ಬೋನಿ ಎಂ. ತಂಡದ್ದು ಕಂಡರೆ ಬಿಸಿಲು ನೆತ್ತಿಗೇರಿದ್ದೂ ಮರೆಯುತ್ತದೆ.

ಬೋನಿ ಎಂ. ನಮ್ಮ ದೇಶದ ಮನೆಗಳನ್ನು ಮುಟ್ಟಿದ್ದು ಹೆಚ್ಚಾಗಿ ಎಲ್‌ಪಿ, ಕ್ಯಾಸೆಟ್ಟುಗಳಿಂದ. ಕಾಲೇಜಿನ ಗ್ಯಾದರಿಂಗು, ಗಣಪತಿ ಪೆಂಡಾಲು, ಡಿಸೆಂಬರಿನಲ್ಲಿ ಪುಣೆಯ ಕ್ಯಾಂಪ್ ಬಡಾವಣೆಯ ಬೀದಿ, ಎಲ್ಲ ಕಡೆ ಅವರ ಹಾಡು ಕೇಳಿ ಬೆಳೆದವರಿದ್ದಾರೆ. ಆದರೆ ಜರ್ಮನಿಯಲ್ಲೇ ಅಚ್ಚಾದ ಹಾನ್ಸಾ ಕಂಪನಿಯ ಸಿಂಗಲ್ಲು, ಬಣ್ಣದ ಫೋಟೋ ಇರುವ ಕಾಗದದ ಲಕೋಟೆಯ ಸಮೇತ ಪುಣೆಯ ಹಳೆ ಸಾಮಾನಿನಲ್ಲಿ ಸಿಗುವುದಕ್ಕೆ ಊರಿನ ಚರಿತ್ರೆಯೇ ಕಾರಣವಿರಬೇಕು ಅನ್ನಿಸುತ್ತದೆ. ಆಕುರ್ಡಿಯ ಬಜಾಜ್ ಟೆಂಪೋ 1958ರಲ್ಲಿ ಜರ್ಮನ್ ಕಂಪನಿಯೊಂದರ ಸಹಯೋಗದಲ್ಲಿ ಶುರುವಾದದ್ದು. 1974ರಲ್ಲಿ ಕೋರೆಗಾಂವ್ ಪಾರ್ಕಿನಲ್ಲಿ ರಜನೀಶರ ಆಶ್ರಮ ನೆಲೆಯೂರಿದ ಮೇಲೆ ಕಾವಿ ತೊಟ್ಟ ಜರ್ಮನರು ಸಾಲುಸಾಲಾಗಿ ಬಂದರು. ಅಲ್ಲಿನ ಧ್ಯಾನಗಳಿಗೆ ಸಂಗೀತ ಕಟ್ಟಿದ ಡಾಯ್ಟರ್ ಕೂಡ ಜರ್ಮನ್ನನೇ. ಮ್ಯಾಕ್ಸ್ ಮ್ಯೂಲರ್ ಭವನದಲ್ಲಿ ಭಾಷೆ ಕಲಿತು ಆ ದೇಶಕ್ಕೆ ಹೋಗಿ ಬಂದ ಪುಣೇಕರರಂತೂ ಎಷ್ಟೋ ಮಂದಿ. ಅವರಲ್ಲಿ ಯಾರ ಪೆಟ್ಟಿಗೆಯಿಂದ ಯಾವ ಪ್ಲೇಟು ಬಂತೋ. ನನ್ನ ಬಳಿಯ, ಈ ತಂಡದ ‘ಮಾ ಬೇಕರ್’ ಸಿಂಗಲ್ಲಿನ ಲಕೋಟೆಯ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಒಬ್ಬ ಹೆಣ್ಣುಮಗಳ ಹೆಸರಿದೆ, ಪಕ್ಕದಲ್ಲಿ ಜರ್ಮನ್ ಮಾರ್ಕಿನ ಬೆಲೆಚೀಟಿ. ಆ ಚೀಟಿಯನ್ನು ನಾನು ಕೀಳುವುದಿಲ್ಲ.

ಸಿಂಗಲ್ಲಿನ ಗುಣ ಕೇಳಿಯೇ ತಿಳಿಯಬೇಕು. ಎಲ್‌ಪಿಯ ಒಂದು ಮಗ್ಗುಲಲ್ಲಿ ಐದಾರು ಹಾಡು ತುರುಕಿರುತ್ತಾರೆ, ಗೆರೆಗಳು ಒತ್ತೊತ್ತಾಗಿರುತ್ತವೆ. ಏಳಿಂಚಿನಲ್ಲಿ ಒಂದೇ ಹಾಡು, ನಾಲ್ಕು ನಿಮಿಷದ ಆಸುಪಾಸು. ಗೆರೆಗೆ ಜಾಗ ಸಿಗುತ್ತದೆ, ಹೆಚ್ಚು ಅಗಲಕ್ಕೆ ಕೊರೆಯಬಹುದು, ದನಿ ಜೋರಾಗಿ ನಿಲ್ಲುತ್ತದೆ. ಕುಣಿಯುವ ಹಾಡಿಗೆ ಬೇಕಾದ್ದು ಇದೇ: ಡ್ರಮ್ಮಿನ ಪೆಟ್ಟು ಎದೆಗೆ ತಾಕಬೇಕು. ಇನ್ನೊಂದು ಸಂಗತಿ, ಎರಡರಲ್ಲೂ ಹಾಡಿನ ರೂಪ ಒಂದೇ ಆಗಿರುವುದಿಲ್ಲ. 1978ರ ‘ನೈಟ್‌ಫ್ಲೈಟ್ ಟು ವೀನಸ್’ ಎಲ್‌ಪಿಯಲ್ಲಿ ಮೊದಲ ಹಾಡಿನ ಡ್ರಮ್ಮು ನಿಲ್ಲದೆ ‘ರಾಸ್ಪುಟಿನ್’ಗೆ ಹರಿಯುತ್ತದೆ. ಸಿಂಗಲ್ಲಿನಲ್ಲಿ ಅದನ್ನು ಕತ್ತರಿಸಿ, ಬೇರೆಯಾಗಿ ಆರಂಭಿಸಿ, ತಾನೇ ಪೂರ್ಣವೆಂಬಂತೆ ನಿಲ್ಲಿಸಿದ್ದಾರೆ. ಈ ತಂಡದ ಹಾಡುಗಳ ಉದ್ದ, ಮಿಶ್ರಣ ಅಚ್ಚಿನಿಂದ ಅಚ್ಚಿಗೆ ಬದಲಾಗುವುದರಿಂದಲೇ ಸಂಗ್ರಾಹಕರು ಲೇಬಲ್ ಹತ್ತಿರದ ಖಾಲಿ ಜಾಗದಲ್ಲಿ ಗೀಚಿದ ಸಂಖ್ಯೆಗಳನ್ನು ಭೂತಗನ್ನಡಿ ಹಿಡಿದು ಓದುತ್ತಾರೆ.

ಪುಣೆಯಲ್ಲಿ ಕನ್ನಡದವನೊಬ್ಬ ರೆಕಾರ್ಡು ಕೂಡಿಸುತ್ತಾನೆ ಅಂದರೆ ಎಲ್ಲರೂ ಮೊದಲು ಕೇಳುವುದು ಭೀಮಸೇನ ಜೋಶಿಯವರನ್ನು. ಕೇಳುವುದು ಸಹಜವೇ. ಗದಗಿನ ಹುಡುಗ ಅಬ್ದುಲ್ ಕರೀಮ್ ಖಾನರ ರೆಕಾರ್ಡು ಕೇಳಿ ಮನೆ ಬಿಟ್ಟದ್ದು, ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯನಾದದ್ದು, ಗುರುವಿನ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಉತ್ಸವ ಆರಂಭಿಸಿದ್ದು ಇಲ್ಲಿ ಮಕ್ಕಳಿಗೂ ಗೊತ್ತು. ಆ ಪ್ಲೇಟುಗಳೂ ನನ್ನ ಕಪಾಟಿನಲ್ಲಿವೆ. ಆದರೆ ಅವನ್ನು ಕಾಯುವವರು ಇಡೀ ದೇಶದಲ್ಲಿದ್ದಾರೆ. ಒಂದು ಕಳೆದರೆ ಹತ್ತು ಕಡೆ ಪ್ರತಿ ಸಿಗುತ್ತದೆ. ಪಾಪ್ ಸಿಂಗಲ್ಲನ್ನು ಯಾರೂ ಕಾಪಿಡಲೆಂದು ಕೊಳ್ಳಲಿಲ್ಲ. ಕುಣಿಯಲು ಕೊಂಡರು, ಪಾರ್ಟಿಗೆ ಒಯ್ದರು, ಲಕೋಟೆಯಿಲ್ಲದೆ ಒಂದರ ಮೇಲೊಂದು ಪೇರಿಸಿದರು. ಪುಣೆಯ ಮಳೆಗಾಲದಲ್ಲಿ ಬೂಜು ಹಿಡಿದು, ಏಪ್ರಿಲ್ ಬಿಸಿಲಿನಲ್ಲಿ ಹಪ್ಪಳದಂತೆ ಡೊಂಕಾಗಿ ಉಳಿದವು ಕೆಲವೇ. ಅವನ್ನು ಉಗುರುಬೆಚ್ಚನೆಯ ನೀರಲ್ಲಿ ಎರಡು ಹನಿ ಸೌಮ್ಯ ಸೋಪು ಹಾಕಿ, ಲೇಬಲ್ ನೆನೆಯದಂತೆ ಹಿಡಿದು, ಗೆರೆಯ ದಿಕ್ಕಿನಲ್ಲೇ ಮೆತ್ತಗೆ ಒರೆಸಿ ನೆರಳಿಗೆ ನಿಲ್ಲಿಸುವುದು ನನಗೆ ಪ್ರೀತಿಯ ಕೆಲಸ. ಲೇಬಲ್ಲಿನ ಮೇಲೆ ಕಣ್ಣು ನಿಲ್ಲುವುದು ಆಗಲೇ.

ಲೇಬಲ್ಲಿನಲ್ಲಿರುವುದು ತಂಡದ ಹೆಸರು, ಹಾಡಿನ ಹೆಸರು, ಬರೆದವರ ಹೆಸರು, ನಿರ್ಮಾಪಕನ ಹೆಸರು. ಹಾಡಿದವರ ಹೆಸರಿಲ್ಲ.

ನಿರ್ಮಾಪಕ ಫ್ರಾಂಕ್ ಫಾರಿಯನ್. ಅದೂ ಇಟ್ಟುಕೊಂಡ ಹೆಸರೇ. 1941ರಲ್ಲಿ ಕಿರ್ನ್ ಎಂಬ ಊರಿನಲ್ಲಿ ಹುಟ್ಟಿದಾಗ ಆತ ಫ್ರಾನ್ಸ್ ರಾಯ್ಟರ್. 1970ರ ದಶಕದ ನಡುವಿನಲ್ಲಿ ‘ಬೇಬಿ ಡು ಯು ವಾನ್ನಾ ಬಂಪ್’ ಎಂಬ ಹಾಡನ್ನು ತಾನೊಬ್ಬನೇ ಸ್ಟುಡಿಯೋದಲ್ಲಿ ಕೂತು, ಪಾತಾಳದ ದನಿಯೂ ತನ್ನದೇ, ಕೀರಲು ದನಿಯೂ ತನ್ನದೇ ಆಗಿ ಹಾಡಿ, ಟಿವಿಯಲ್ಲಿ ಕಂಡ ಆಸ್ಟ್ರೇಲಿಯದ ಪತ್ತೇದಾರಿ ಧಾರಾವಾಹಿಯ ನಾಯಕನ ಹೆಸರಿನಿಂದ ‘ಬೋನಿ ಎಂ.’ ಮಾಡಿದ. ಹಾಡು ಹಾಲೆಂಡಿನಲ್ಲಿ ಓಡಿತು. ವೇದಿಕೆಗೆ ಮುಖ ಬೇಕಾಯಿತು. ಜಮೈಕಾದಲ್ಲಿ ಹುಟ್ಟಿದ ಲಿಜ್ ಮಿಚೆಲ್ ಮತ್ತು ಮಾರ್ಸಿಯಾ ಬ್ಯಾರೆಟ್, ಮಾಂಟ್ಸೆರಾಟ್ ದ್ವೀಪದ ಮೇಜಿ ವಿಲಿಯಮ್ಸ್, ಅರೂಬಾದ ಬಾಬಿ ಫ್ಯಾರೆಲ್ ಬಂದರು. ‘ಡ್ಯಾಡಿ ಕೂಲ್’ 1976ರಲ್ಲಿ ಯುರೋಪನ್ನು ಗೆದ್ದಿತು. ರೆಕಾರ್ಡಿನ ಮೇಲೆ ಕೇಳುವ ಹೆಣ್ಣುದನಿ ಲಿಜ್ ಮತ್ತು ಮಾರ್ಸಿಯಾರದು. ಮೇಜಿ ಸ್ಟುಡಿಯೋದಲ್ಲಿ ಹಾಡಲಿಲ್ಲ. ಬಾಬಿ ಕುಣಿದ, ತುಟಿ ಅವನದು, ಗಂಡುದನಿ ಫಾರಿಯನ್ನನದು.

ಇದು ಹೊರಬಂದಾಗ ಮೋಸವೆಂದವರಿದ್ದರು. ನಮಗೆ ಹಾಗೆ ಅನ್ನಿಸಲು ಸಾಧ್ಯವೇ? ರಾಜ್‌ಕುಮಾರರ ತುಟಿ, ಪಿ. ಬಿ. ಶ್ರೀನಿವಾಸರ ದನಿ ಎಂಬ ಜೋಡಿಯನ್ನು ಕನ್ನಡಿಗರು ವರ್ಷಗಟ್ಟಲೆ ಎದೆಗೆ ಹಚ್ಚಿಕೊಂಡಿದ್ದರು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್ ತಮಗೆ ತಾವೇ ಹಾಡತೊಡಗಿದರೂ ಹಳೆಯ ಹಾಡುಗಳ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ. ದನಿ ಒಬ್ಬರದು, ದೇಹ ಇನ್ನೊಬ್ಬರದು ಆಗುವುದರಲ್ಲಿ ಮೋಸ ಕಾಣದ ಜನ ನಾವು. ಆದರೆ ಒಂದು ಭೇದವಿದೆ, ನನ್ನ ಮಟ್ಟಿಗೆ ಅದೇ ಎಲ್ಲ. ಕನ್ನಡ ಸಿನಿಮಾದ ಏಳಿಂಚಿನ ಪ್ಲೇಟು ಕೈಗೆತ್ತಿಕೊಂಡರೆ ಹಾಡಿನ ಕೆಳಗೆ ಪಿ. ಬಿ. ಶ್ರೀನಿವಾಸ್, ಎಸ್. ಜಾನಕಿ ಎಂದು ಅಚ್ಚಾಗಿರುತ್ತದೆ. ಆ ಅಚ್ಚು ಸುಮ್ಮನೆ ಬಂದದ್ದಲ್ಲ. 1949ರಲ್ಲಿ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ರೆಕಾರ್ಡುಗಳ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಇದ್ದದ್ದು ಪಾತ್ರದ ಹೆಸರು, ಕಾಮಿನಿ. ಹಾಡಿದವರು ಲತಾ ಮಂಗೇಶ್ಕರ್. ರೇಡಿಯೋ ಕೇಳುಗರು ಇದು ಯಾರ ದನಿ ಎಂದು ವಿಚಾರಿಸಿದ ಮೇಲೆ ಹೆಸರು ತಿಳಿಯಿತು. ಬೋನಿ ಎಂ. ಕೇಳುಗರು ಹಾಗೆ ವಿಚಾರಿಸಬೇಕಿತ್ತು.

ಇದಕ್ಕೂ ಹಿಂದಿನದೊಂದು ನಂಟಿದೆ, ಅದು ನೇರ ಜರ್ಮನಿಗೇ ಹೋಗುತ್ತದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದರು; ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡರು. ಒತ್ತುವ ಕಾರ್ಖಾನೆ ನಮ್ಮಲ್ಲಿ ಇರಲಿಲ್ಲ, ಅದು ಸಿಯಾಲ್ದಾದಲ್ಲಿ ಆರಂಭವಾದದ್ದು 1908ರಲ್ಲಿ. ಹಾಗಾಗಿ ಮೂಲಮುದ್ರಿಕೆಗಳು ಹಡಗೇರಿ ಹ್ಯಾನೋವರ್ ನಗರಕ್ಕೆ ಹೋದವು. ಗ್ರಾಮಫೋನ್ ತಟ್ಟೆಯನ್ನು ಕಂಡುಹಿಡಿದ ಎಮಿಲ್ ಬರ್ಲಿನರ್ ಹುಟ್ಟಿದ ಊರು ಅದು. ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ತಮ್ಮ ಹೆಸರು ಹೇಳುತ್ತಾರೆ. ಹ್ಯಾನೋವರಿನಲ್ಲಿ ಕೂತು ಪ್ಲೇಟು ಒತ್ತುವವನಿಗೆ ಹಿಂದೂಸ್ತಾನಿ ತಿಳಿಯದು. ಲೇಬಲ್ಲಿನಲ್ಲಿ ತಪ್ಪಾಗಬಾರದೆಂದು ಆ ಘೋಷಣೆ ಎನ್ನುತ್ತಾರೆ. ಕಾರಣ ಕಾರ್ಖಾನೆಯದೇ ಇರಲಿ, ಆ ದನಿಯಲ್ಲಿರುವ ಠೀವಿ ಅವರದು. ಮುಕ್ಕಾಲು ಶತಮಾನದ ನಂತರ ಅದೇ ದೇಶದಲ್ಲಿ ಹಾಡಿದ ಲಿಜ್, ಮಾರ್ಸಿಯಾರಿಗೆ ಪ್ಲೇಟಿನ ಮೇಲೆ ಆ ಜಾಗ ಇರಲಿಲ್ಲ.

ಬರೆದವರ ಹೆಸರುಗಳಲ್ಲೂ ಒಂದು ಕಥೆಯುಂಟು. ‘ರಿವರ್ಸ್ ಆಫ್ ಬ್ಯಾಬಿಲಾನ್’ 1978ರ ಸಿಂಗಲ್ಲು. ಮೂಲದಲ್ಲಿ ಅದು ಜಮೈಕಾದ ಮೆಲೋಡಿಯನ್ಸ್ ತಂಡ 1970ರಲ್ಲಿ ಹಾಡಿದ್ದು. ಸಾಹಿತ್ಯ ಹೆಚ್ಚಾಗಿ ಬೈಬಲ್ಲಿನ 137ನೆಯ ಕೀರ್ತನೆಯದು, ಸೆರೆಯಾಗಿ ಪರದೇಶಕ್ಕೆ ಹೋದವರು ನದಿಯ ದಡದಲ್ಲಿ ಊರು ನೆನೆದು ಅತ್ತದ್ದು. ಲೇಬಲ್ಲಿನಲ್ಲಿ ಡೋವ್, ಮೆಕ್‌ನಾಟನ್ ಎಂಬ ಮೂಲದವರಿದ್ದಾರೆ, ಜೊತೆಗೆ ಫಾರಿಯನ್ ಮತ್ತು ರೇಯಮ್. ಈ ರೇಯಮ್ ಯಾರೆಂದು ಹುಡುಕಿದರೆ ಹಾನ್ಸ್ ಯೋರ್ಗ್ ಮೇಯರ್; ಮೇಯರ್ ಎಂಬುದರ ಜರ್ಮನ್ ಕಾಗುಣಿತವನ್ನು ಹಿಂದುಮುಂದಾಗಿ ಓದಿದರೆ ರೇಯಮ್. ಹಾಡಿದವರ ಹೆಸರು ಮರೆಯುವುದು ನಮ್ಮಲ್ಲೂ ಉಂಟು. ಫಾರಿಯನ್ನನೇ ನಿರ್ಮಿಸಿದ ಇರಪ್ಷನ್ ತಂಡದ ‘ವನ್ ವೇ ಟಿಕೆಟ್’ 1979ರಲ್ಲಿ ಬಂತು. ಮರುವರ್ಷ ‘ಪ್ಯಾರಾ ದುಷ್ಮನ್’ ಚಿತ್ರದಲ್ಲಿ ಬಪ್ಪಿ ಲಾಹಿರಿ ಅದೇ ಧಾಟಿಯನ್ನು ಉಷಾ ಉತ್ತುಪ್ ಕೈಲಿ ಹಾಡಿಸಿದರು. ಇಲ್ಲಿ ಉಷಾ ಹೆಸರು ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದ್ದೇ. ಇರಪ್ಷನ್ನಿಗೆ ಆ ಹಾಡು ಹಾಡಿದ ಪ್ರೆಶಸ್ ವಿಲ್ಸನ್ ಎಂಬಾಕೆಯ ಹೆಸರನ್ನೂ ಜೊತೆಗೆ ಹೇಳಿದರೆ ಉಷಾ ಅವರಿಗೇನೂ ಕಡಿಮೆಯಾಗದು.

‘ರಿವರ್ಸ್ ಆಫ್ ಬ್ಯಾಬಿಲಾನ್’ ಪ್ಲೇಟನ್ನು ಕೈಗೆ ಸಿಕ್ಕಾಗಲೆಲ್ಲ ತಿರುಗಿಸಿ ಇಡುತ್ತೇನೆ. ಬ್ರಿಟನ್ನಿನಲ್ಲಿ ಆ ಹಾಡು ಐದು ವಾರ ಮೊದಲ ಸ್ಥಾನದಲ್ಲಿದ್ದು ಕೆಳಗಿಳಿಯಿತು. ಇಪ್ಪತ್ತರ ಆಸುಪಾಸು ಹೋದಾಗ ರೇಡಿಯೋದವರು ಪ್ಲೇಟು ತಿರುಗಿಸಿ ಹಿಂದಿನ ಮಗ್ಗುಲಿನ ‘ಬ್ರೌನ್ ಗರ್ಲ್ ಇನ್ ದ ರಿಂಗ್’ ಹಾಕತೊಡಗಿದರು. ಕೆರಿಬಿಯನ್ ಮಕ್ಕಳು ಕೈಕೈ ಹಿಡಿದು ಸುತ್ತುವ ಆಟದ ಹಾಡು ಅದು. ಅದೇ ಪ್ಲೇಟು ಮತ್ತೆ ಎರಡನೆಯ ಸ್ಥಾನಕ್ಕೇರಿತು, ಬ್ರಿಟನ್ನೊಂದರಲ್ಲೇ ಸುಮಾರು 20 ಲಕ್ಷ ಪ್ರತಿ ಮಾರಾಟವಾಯಿತು. ಎರಡು ಮಗ್ಗುಲೂ ಗೆದ್ದ ಇಂಥ ಪ್ಲೇಟುಗಳು ಅಪರೂಪ. ಆ ಎರಡನೆಯ ಮಗ್ಗುಲಲ್ಲಿ ಲಿಜ್ ಮಿಚೆಲ್ ತಾನು ಬಾಲ್ಯದಲ್ಲಿ ಬಿಟ್ಟುಬಂದ ದ್ವೀಪದ ಆಟವನ್ನು ಹಾಡುತ್ತಿದ್ದಾಳೆ ಎಂದು ತಿಳಿದ ಮೇಲೆ ಅದನ್ನು ಬರಿಯ ಡಿಸ್ಕೋ ಎಂದು ಕೇಳಲು ನನ್ನಿಂದಾಗದು.

ನನ್ನ ಕಟ್ಟಿನ ಪ್ರತಿ ಲಕೋಟೆಯೊಳಗೂ ಈಗ ಒಂದು ಚೀಟಿ ಇದೆ. ಮುಖ್ಯ ದನಿ ಯಾರದು, ಜೊತೆದನಿ ಯಾರದು ಎಂದು ಕನ್ನಡದಲ್ಲಿ ಬರೆದಿದ್ದೇನೆ. ಬಾಬಿ ಫ್ಯಾರೆಲ್ಲನನ್ನೂ ಬಿಟ್ಟಿಲ್ಲ. ಕುಣಿದವನು ಎಂದು ಅವನ ಹೆಸರ ಮುಂದೆ ಬರೆದಿದ್ದೇನೆ. ಆ ಹಾಡುಗಳನ್ನು ನೋಡಿದ ಪ್ರತಿಯೊಬ್ಬರೂ ನೆನಪಿಟ್ಟುಕೊಂಡದ್ದು ಅವನ ಮೈಯನ್ನೇ. 2010ರ ಡಿಸೆಂಬರ್ 30ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅವನು ತೀರಿಕೊಂಡ. 1916ರಲ್ಲಿ ಅದೇ ತಾರೀಖು ಅದೇ ಊರಿನಲ್ಲಿ, ಅವನು ಕುಣಿದ ಹಾಡಿನ ರಾಸ್ಪುಟಿನ್ ಕೊಲೆಯಾಗಿದ್ದ.

ಹೆಚ್ಚಿನ ಚೀಟಿಗಳಲ್ಲಿ ಮುಖ್ಯ ದನಿ ಲಿಜ್‌ಳದು. ಮಾರ್ಸಿಯಾ ಬ್ಯಾರೆಟ್ ಮುಂದೆ ನಿಂತು ಹಾಡಿದ್ದನ್ನು ಕೇಳಬೇಕಾದರೆ 1977ರ ‘ಬೆಲ್‌ಫಾಸ್ಟ್’ ಬೇಕು. ಉತ್ತರ ಐರ್ಲೆಂಡಿನ ಕಲಹದ ಬಗ್ಗೆ ಬರೆದ ಹಾಡು, ಜರ್ಮನಿಯಲ್ಲಿ ಮೊದಲ ಸ್ಥಾನ ಪಡೆದದ್ದು. ಅವಳ ದನಿ ಲಿಜ್‌ಳದರಂತೆ ನಯವಲ್ಲ. ಒಳಗೆ ಒಂದು ಒರಟು ಬಲವಿದೆ, ಸಿಟ್ಟಿನ ಹಾಡಿಗೆ ಹೇಳಿ ಮಾಡಿಸಿದ್ದು. ಆ ಸಿಂಗಲ್ಲು ನನಗೆ ಇನ್ನೂ ಸಿಕ್ಕಿಲ್ಲ. ಜುನಾ ಬಾಜಾರಿನಲ್ಲಿ ರೆಕಾರ್ಡು ಹರಡುವ ಹುಡುಗನಿಗೆ ಹೇಳಿಟ್ಟಿದ್ದೇನೆ. ಅವನು ತನ್ನ ಮೊಬೈಲಿನಲ್ಲಿ ಬರೆದುಕೊಂಡು ಕೇಳಿದ:

“ಕಾಕಾ, ಮಾರ್ಸಿಯಾ ಅಂತ ಮೇಲೆ ಬರೆದಿರುತ್ತದಾ?”

“ಇಲ್ಲಪ್ಪಾ, ಹಾಡಿನ ಹೆಸರು ನೋಡು. ಬೆಲ್‌ಫಾಸ್ಟ್.”

“ಆದರೂ ಅವಳ ಹೆಸರನ್ನೂ ಬರೆದಿರುತ್ತೇನೆ,” ಎಂದ.